ಭಯ ಇತ್ತು, ಆದರೂ ಅಕ್ಕನಿಗೆ ಕಿಡ್ನಿ ಕೊಟ್ಟೆ

ನಮ್ಮ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳುವಾಗ ಭಯದ ಭಾಗ ಬೇಗ ಮುಗಿದುಹೋಗುತ್ತದೆ. "ತುಂಬಾ ಹೆದರಿದ್ದೆ, ಪ್ರಾರ್ಥನೆ ಮಾಡಿದೆ, ಕರ್ತನು ಸಮಾಧಾನ ಕೊಟ್ಟನು." ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಜನರಿಗೆ ಹಾಗೆಯೇ ಆಗಿದೆ. ನನಗೆ ಆಗಲಿಲ್ಲ. ಅಕ್ಕನಿಗೆ ಕಿಡ್ನಿ ಕೊಡುವ ಮಾತು ಬಂದಾಗಿನಿಂದ ಆಪರೇಷನ್ ಥಿಯೇಟರ್ ಬಾಗಿಲವರೆಗೂ ಭಯ ನನ್ನ ಜೊತೆಗೇ ಇತ್ತು. ಕೆಲವು ದಿನ ಕಡಿಮೆ, ಕೆಲವು ದಿನ ಜಾಸ್ತಿ. ಆ ತಿಂಗಳುಗಳಲ್ಲಿ ಏನೇನು ನಡೆಯಿತು, ಭಯ ಇಟ್ಟುಕೊಂಡೇ ನಾನು ಹೇಗೆ ಮುಂದೆ ಹೋದೆ ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಇದೇ ದಾರಿಯಲ್ಲಿ ಈಗ ನಿಂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾವು ಉಡುಪಿ ಕಡೆಯವರು. ಅಜ್ಜನ ಕಾಲದಲ್ಲಿ ಬಾಸೆಲ್ ಮಿಷನ್ ಸಭೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಅಮ್ಮ ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆ ಅದು. ಅಪ್ಪ ಬೇಗ ತೀರಿಕೊಂಡರು. ಅಮ್ಮನಿಗೆ ನೈಟ್ ಡ್ಯೂಟಿ ಇದ್ದಾಗಲೆಲ್ಲ ನನಗೆ ಊಟ ಹಾಕಿ, ಪ್ರಾರ್ಥನೆ ಮಾಡಿಸಿ ಮಲಗಿಸುತ್ತಿದ್ದವಳು ಅಕ್ಕ. ಈಗ ನನ್ನದು ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಬಿಲ್ ಪುಸ್ತಕ, ಮದುವೆ ಕಾಗದ, ಸಭೆಯ ಕಾರ್ಯಕ್ರಮ ಪಟ್ಟಿ, ಇಂಥವೇ ಕೆಲಸ. ಅಕ್ಕ ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ, ಪ್ರೈಮರಿ ಶಾಲೆ ಟೀಚರ್.

ಕಿಡ್ನಿ ಕಾಯಿಲೆಯ ಕೆಟ್ಟ ಗುಣ ಏನೆಂದರೆ ಅದು ನೋಯುವುದಿಲ್ಲ. ಅಕ್ಕನಿಗೆ ಸುಸ್ತು ಇತ್ತು, ಬೆಳಿಗ್ಗೆ ಕಣ್ಣಿನ ಸುತ್ತ ಸ್ವಲ್ಪ ಊತ ಇತ್ತು. ಶಾಲೆ ಕೆಲಸ ಜಾಸ್ತಿಯಾಗಿದೆ ಅಂತ ಎಲ್ಲರೂ ಅಂದುಕೊಂಡೆವು. ಶಾಲೆಯಲ್ಲಿ ನಡೆದ ಒಂದು ತಪಾಸಣೆ ಶಿಬಿರದಲ್ಲಿ ಬಿಪಿ ನೋಡಿದವರು ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದರು. ಕಿಡ್ನಿಯ ಸಣ್ಣ ತುಣುಕು ತೆಗೆದು ನೋಡುವ ಬಯಾಪ್ಸಿ ಆಯಿತು. ಐಜಿಎ ನೆಫ್ರೋಪತಿ ಅಂತ ಹೆಸರು ಬಂತು. ರಕ್ತದಲ್ಲಿರುವ ಒಂದು ಬಗೆಯ ಪ್ರೋಟೀನು ಕಿಡ್ನಿಯ ಜಾಲರಿಯಲ್ಲಿ ಸೇರಿಕೊಂಡು ನಿಧಾನವಾಗಿ ಅದನ್ನು ಹಾಳು ಮಾಡುವ ಕಾಯಿಲೆ. ಮಾತ್ರೆಗಳಲ್ಲಿ ಕೆಲವು ವರ್ಷ ಕಳೆಯಿತು. ಆಮೇಲೆ ಡಯಾಲಿಸಿಸ್, ಅಂದರೆ ಯಂತ್ರದಲ್ಲಿ ರಕ್ತ ಶುದ್ಧ ಮಾಡುವುದು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಡಯಾಲಿಸಿಸ್ ಸೂಜಿ ಹಾಕಲು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅಲ್ಲಿ ಬೆರಳಿಟ್ಟರೆ ರಕ್ತ ಜುಮ್ಮೆಂದು ಹರಿಯುವುದು ಗೊತ್ತಾಗುತ್ತಿತ್ತು. ದಿನಕ್ಕೆ ಕುಡಿಯುವ ನೀರಿಗೂ ಲೆಕ್ಕ. ಸೆಖೆಗಾಲದಲ್ಲಿ ಅವಳು ಬಾಯಿಗೆ ಐಸ್ ತುಂಡು ಇಟ್ಟುಕೊಂಡು ಕೂತಿರುವುದನ್ನು ನೋಡುವುದು ಕಷ್ಟವಾಗುತ್ತಿತ್ತು.

ಡಾಕ್ಟರ್ ಟ್ರಾನ್ಸ್‌ಪ್ಲಾಂಟ್ ಮಾತು ಎತ್ತಿದಾಗ ಅಮ್ಮ ಮೊದಲು ಮುಂದೆ ಬಂದರು. ವಯಸ್ಸು, ಸಕ್ಕರೆ ಕಾಯಿಲೆ ಎರಡೂ ಇರುವುದರಿಂದ ಆಗುವುದಿಲ್ಲ ಅಂತ ಡಾಕ್ಟರ್ ಅಂದರು. ಭಾವ ಒಂದು ಕ್ಷಣವೂ ಯೋಚಿಸದೆ ಒಪ್ಪಿದರು. ಆದರೆ ಅವರದು ಬಿ ಗುಂಪಿನ ರಕ್ತ, ಅಕ್ಕನದು ಓ. ಓ ಗುಂಪಿನವರಿಗೆ ಹೊಂದುವುದು ಓ ಗುಂಪಿನವರ ಕಿಡ್ನಿ ಮಾತ್ರ. ಮೆದುಳು ನಿಷ್ಕ್ರಿಯವಾದವರಿಂದ ಅಂಗ ಸಿಗುವ ಸರ್ಕಾರದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರು ಬರೆಸಿದೆವು. ಅಲ್ಲಿ ಯಾವಾಗ ಕರೆ ಬರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ಮನೆಯಲ್ಲಿ ಓ ಗುಂಪಿನವನು ಇನ್ನೊಬ್ಬ ಇದ್ದೆ. ನಾನು.

"ನಾನು ಕೊಡ್ತೇನೆ" ಅಂತ ಅಲ್ಲೇ ಹೇಳಿದೆ. ಹೇಳುವಾಗ ಧೈರ್ಯ ಇತ್ತು. ಭಯ ಬಂದದ್ದು ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ. ನಾನು ಸತ್ತರೆ ಪ್ರೆಸ್ ಯಾರು ನೋಡುತ್ತಾರೆ, ಮಕ್ಕಳ ಫೀಸ್ ಯಾರು ಕಟ್ಟುತ್ತಾರೆ, ಬ್ಯಾಂಕ್ ಸಾಲ ಏನಾಗುತ್ತದೆ. ಇಷ್ಟೆಲ್ಲ ಯೋಚನೆ ಒಂದೇ ಸಲ ಬಂತು.

ಅಕ್ಕನಿಗೆ ವಿಷಯ ಗೊತ್ತಾದಾಗ ಸಿಟ್ಟಾದಳು. "ಬೇಡ ಮಾರಾಯ. ನಿನಗೆ ಸಣ್ಣ ಮಕ್ಕಳಿದ್ದಾರೆ. ನಾನು ಹೀಗೇ ಇರ್ತೇನೆ" ಅಂದಳು. ಪ್ರಪಂಚದಲ್ಲಿ ಮೊದಲ ಬಾರಿ ಯಶಸ್ವಿಯಾದ ಕಿಡ್ನಿ ಕಸಿಯ ಕಥೆ ಆಗಲೇ ನಾನು ಓದಿದ್ದೆ. 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ರೊನಾಲ್ಡ್ ಹೆರಿಕ್ ತನ್ನ ಅವಳಿ ಸಹೋದರ ರಿಚರ್ಡ್‌ಗೆ ಕಿಡ್ನಿ ಕೊಟ್ಟ. ಆಪರೇಷನ್‌ನ ಹಿಂದಿನ ರಾತ್ರಿ ರಿಚರ್ಡ್ ಅವನಿಗೆ ಚೀಟಿ ಕಳಿಸಿ, ಇಲ್ಲಿಂದ ಎದ್ದು ಮನೆಗೆ ಹೋಗು ಅಂದನಂತೆ. ನಾನು ಬಂದಾಗಿದೆ, ಇಲ್ಲೇ ಇರುತ್ತೇನೆ ಅಂತ ರೊನಾಲ್ಡ್ ಉತ್ತರ ಬರೆದ. ಮುಂದೆ ಅವನು ಗಣಿತದ ಮೇಷ್ಟ್ರಾದ, 2010ರವರೆಗೂ ಬದುಕಿದ್ದ. ಅಕ್ಕನಿಗೆ ಈ ಕಥೆ ಹೇಳಿದೆ. "ಅವನಿಗೆ ಏನಾಯ್ತು, ಕಿಡ್ನಿ ತಗೊಂಡವನಿಗೆ?" ಅಂತ ಕೇಳಿದಳು. ಎಂಟು ವರ್ಷ ಬದುಕಿದ, ಮದುವೆಯಾದ, ಎರಡು ಮಕ್ಕಳಾದವು ಅಂದೆ. ಅವಳು ಬೇಡ ಅನ್ನುವುದನ್ನು ನಿಲ್ಲಿಸಲಿಲ್ಲ. ಆದರೆ ಸಿಟ್ಟು ಇಳಿಯಿತು.

ಸಭೆಯಲ್ಲಿ ಸುದ್ದಿ ಹರಡಿತು. ಸ್ತ್ರೀ ಅನ್ಯೋನ್ಯ ಕೂಟದವರು ಪ್ರತಿ ವಾರ ನಮಗಾಗಿ ಪ್ರಾರ್ಥಿಸಿದರು. ಆ ಉಪಕಾರ ನಾನು ಮರೆಯುವುದಿಲ್ಲ. ಆದರೆ ಬೇರೆ ಮಾತುಗಳೂ ಬಂದವು. ಹತ್ತಿರದ ಒಬ್ಬ ನೆಂಟರು, "ಉಪವಾಸ ಪ್ರಾರ್ಥನೆ ಮಾಡೋಣ, ದೇವರು ಹೊಸ ಕಿಡ್ನಿ ಕೊಡಲು ಶಕ್ತನಲ್ವಾ? ಆಪರೇಷನ್‌ಗೆ ಯಾಕೆ ಓಡ್ತೀರಿ, ಅದು ಅಪನಂಬಿಕೆ" ಅಂದರು. ಇನ್ನೊಬ್ಬರು ಇದಕ್ಕೆ ವಿರುದ್ಧ. "ಕರ್ತನ ಮೇಲೆ ನಿಜವಾದ ನಂಬಿಕೆ ಇದ್ದರೆ ಹೆದರಿಕೆ ಯಾಕೆ ಬರಬೇಕು? ಕೊಟ್ಟುಬಿಡಿ" ಅಂದರು. ಇಬ್ಬರೂ ನಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ಎರಡೂ ಮಾತು ನನ್ನನ್ನು ಕುಗ್ಗಿಸಿದವು. ಕೊಟ್ಟರೂ ನಂಬಿಕೆ ಇಲ್ಲದವನು, ಹೆದರಿದರೂ ನಂಬಿಕೆ ಇಲ್ಲದವನು ಅಂತ ಆಯಿತಲ್ಲ.

ಮೊದಲ ಮಾತಿಗೆ ಅಮ್ಮ ಉತ್ತರ ಕೊಟ್ಟರು. ಅಮ್ಮ ವಾದ ಮಾಡುವವರಲ್ಲ. ಅಂದು ಮಾತ್ರ ಹೇಳಿದರು: "ನಮ್ಮ ಮಿಷನ್ ಆಸ್ಪತ್ರೆಯಲ್ಲಿ ಪ್ರಾರ್ಥನೆ ಮಾಡದೆ ಒಂದು ಆಪರೇಷನ್ನೂ ಶುರು ಮಾಡ್ತಿರಲಿಲ್ಲ. ಪ್ರಾರ್ಥನೆ ಮಾಡಿದ್ದೇವೆ ಅಂತ ಯಾರೂ ಕೈ ತೊಳೆಯದೆ ಒಳಗೆ ಹೋಗ್ತಿರಲಿಲ್ಲ." ನೆಂಟರು ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯ ಮಾತಿಗೆ ನನಗೆ ಉತ್ತರ ಸಿಕ್ಕಿದ್ದು ಸತ್ಯವೇದದಲ್ಲೇ (ಬೈಬಲ್). ಕೀರ್ತನೆ 56ರಲ್ಲಿ ದಾವೀದನು ತನಗೆ ಹೆದರಿಕೆ ಆಗುವುದೇ ಇಲ್ಲ ಅನ್ನುವುದಿಲ್ಲ. ಹೆದರಿಕೆ ಆದಾಗ ನಿನ್ನನ್ನು ನಂಬುತ್ತೇನೆ ಅನ್ನುತ್ತಾನೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನಗೆ ನಂಬಿಕೆ ಕಡಿಮೆ ಇದ್ದರೂ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಯೇಸು ಸ್ವಾಮಿ ಅವನನ್ನು ಹಿಂದೆ ಕಳಿಸಲಿಲ್ಲ. ಪೂರ್ತಿ ನಂಬಿಕೆ ತೆಗೆದುಕೊಂಡು ಬಾ ಅನ್ನಲಿಲ್ಲ. ಮಗನನ್ನು ಗುಣ ಮಾಡಿದರು.

ಅಲ್ಲಿಂದ ನಾನು ಒಂದು ಕೆಲಸ ಮಾಡಿದೆ. ಪ್ರೆಸ್‌ನಲ್ಲಿ ಬಿದ್ದಿದ್ದ ಒಂದು ಖಾಲಿ ಬಿಲ್ ಪುಸ್ತಕದ ಹಿಂಬದಿಯಲ್ಲಿ ನನಗಿರುವ ಭಯಗಳನ್ನು ಬರೆಯುತ್ತಾ ಹೋದೆ. ಬರೆದಾಗ ಒಂದು ವಿಷಯ ಕಂಡಿತು. ಎಲ್ಲ ಭಯವೂ ಒಂದೇ ಜಾತಿಯದಲ್ಲ. ಅರ್ಧಕ್ಕಿಂತ ಹೆಚ್ಚು ಭಯಗಳು ನಿಜವಾಗಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು. ಕೆಲವು ಹೆಂಡತಿಯ ಜೊತೆ ಕೂತು ಮಾತಾಡಬೇಕಾದವು. ಕೆಲವು ಮಾತ್ರ ಯಾರ ಹತ್ತಿರವೂ ಉತ್ತರ ಇಲ್ಲದವು. ಅವುಗಳನ್ನು ದೇವರ ಮುಂದೆ ಇಡುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಮೊದಲೇ ಎಲ್ಲವನ್ನೂ ಒಟ್ಟಿಗೆ ದೇವರ ಪಾದಕ್ಕೆ ಹಾಕಿಬಿಡುವುದೇ ಭಕ್ತಿ ಅಂತ ನಮಗೆ ಅನ್ನಿಸುತ್ತದೆ. ಆದರೆ ಕೇಳಿದರೆ ಉತ್ತರ ಸಿಗುವ ಪ್ರಶ್ನೆಯನ್ನು ಕೇಳದೆ ಇಟ್ಟುಕೊಂಡರೆ ಅದು ಒಳಗೇ ಬೆಳೆಯುತ್ತದೆ. ಎಷ್ಟು ಪ್ರಾರ್ಥಿಸಿದರೂ ಕಡಿಮೆಯಾಗುವುದಿಲ್ಲ.

ದಾನಿಗೆ ಮಾಡುವ ಪರೀಕ್ಷೆಗಳು ಬಹಳ. ರಕ್ತ, ಮೂತ್ರ, 24 ಗಂಟೆಯ ಮೂತ್ರ ಸಂಗ್ರಹಿಸಿ ಅದರಲ್ಲಿ ಪ್ರೋಟೀನ್ ಎಷ್ಟು ಹೋಗುತ್ತದೆ ಅಂತ ಅಳತೆ, ಸಕ್ಕರೆ ಪರೀಕ್ಷೆ, ಎಕೋ, ಟ್ರೆಡ್‌ಮಿಲ್, ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್. ಇಬ್ಬರ ಜೀವಕೋಶಗಳ ಗುರುತು ಎಷ್ಟು ಹೊಂದುತ್ತದೆ ಅಂತ ನೋಡುವ ಎಚ್‌ಎಲ್‌ಎ ಪರೀಕ್ಷೆ ಬೇರೆ. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ನಮ್ಮದು ಅರ್ಧ. ನಂತರ ಕ್ರಾಸ್‌ಮ್ಯಾಚ್, ಅಂದರೆ ಅವಳ ರಕ್ತ ನನ್ನ ಜೀವಕೋಶಗಳ ಮೇಲೆ ದಾಳಿ ಮಾಡುತ್ತದೆಯೇ ಅಂತ ನೋಡುವುದು. ಇದು ನೆಗೆಟಿವ್ ಬರಬೇಕು. ಬಂತು. ಡಿಟಿಪಿಎ ಸ್ಕ್ಯಾನ್‌ನಲ್ಲಿ ಎರಡು ಕಿಡ್ನಿಗಳೂ ಬೇರೆ ಬೇರೆಯಾಗಿ ಎಷ್ಟು ಕೆಲಸ ಮಾಡುತ್ತಿವೆ ಅಂತ ತಿಳಿಯುತ್ತದೆ. ಸಿಟಿ ಆಂಜಿಯೋದಲ್ಲಿ ಕಿಡ್ನಿಗೆ ಹೋಗುವ ರಕ್ತನಾಳ ಎಷ್ಟಿವೆ, ಹೇಗಿವೆ ಅಂತ ಕಾಣುತ್ತದೆ. ಎರಡರಲ್ಲಿ ಒಂದು ಉತ್ತಮವಾಗಿದ್ದರೆ ಅದು ದಾನಿಗೇ ಉಳಿಯಬೇಕು ಅನ್ನುವುದು ನಿಯಮ ಅಂತ ಗೊತ್ತಾದಾಗ ನನಗೆ ದೊಡ್ಡ ನೆಮ್ಮದಿಯಾಯಿತು. ಈ ವೈದ್ಯರು ನನ್ನನ್ನೂ ರೋಗಿಯ ಹಾಗೆಯೇ ಕಾಯುತ್ತಿದ್ದಾರೆ ಅನ್ನಿಸಿತು.

ಭಯಗಳನ್ನು ಬರೆದ ಚೀಟಿ ಹಿಡಿದುಕೊಂಡು ನೆಫ್ರಾಲಜಿ (ಕಿಡ್ನಿ) ಡಾಕ್ಟರ್ ಮುಂದೆ ಕೂತೆ. ಅವರು ಒಂದಕ್ಕೂ ಬೇಸರ ಮಾಡಲಿಲ್ಲ. ಸಾಯುವ ಸಾಧ್ಯತೆ ಎಷ್ಟು ಅಂತ ನೇರವಾಗಿ ಕೇಳಿದೆ. ಅಮೆರಿಕದ ದಾನಿಗಳ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಮೂರು ತಿಂಗಳಲ್ಲಿ 10,000 ದಾನಿಗಳಲ್ಲಿ ಸುಮಾರು 3 ಜನ ತೀರಿಕೊಂಡಿದ್ದಾರೆ ಅಂದರು. ಮುಂದೆ ನನ್ನದೇ ಕಿಡ್ನಿ ಕೆಟ್ಟರೆ? ಜೀವಮಾನದಲ್ಲಿ 10,000 ದಾನಿಗಳಲ್ಲಿ 90ರಷ್ಟು ಜನಕ್ಕೆ ಕಿಡ್ನಿ ವೈಫಲ್ಯ ಬರಬಹುದು ಅಂತ ಅಂದಾಜು, ದಾನ ಮಾಡದ ಅಷ್ಟೇ ಆರೋಗ್ಯವಂತರಲ್ಲಿ 14 ಅಂದರು. ಅಪಾಯ ಕಡಿಮೆ, ಆದರೆ ಇಲ್ಲ ಅಂತಲ್ಲ. ಅಕ್ಕನ ಕಾಯಿಲೆ ನನಗೂ ಇದ್ದರೆ ಅಂತ ಕೇಳಿದೆ. ಅದಕ್ಕೇ ನಿಮ್ಮ ಮೂತ್ರದಲ್ಲಿ ರಕ್ತದ ಕಣ, ಪ್ರೋಟೀನ್ ಇದೆಯಾ ಅಂತ ಮತ್ತೆ ಮತ್ತೆ ನೋಡಿದ್ದು, ಇಲ್ಲ ಅಂದರು. ಕೊನೆಯ ಪ್ರಶ್ನೆ: ನನ್ನ ಕಿಡ್ನಿ ಅವಳಲ್ಲಿ ಎಷ್ಟು ವರ್ಷ ಇರುತ್ತದೆ? "ಹತ್ತು ಹದಿನೈದು ವರ್ಷ, ಅದಕ್ಕಿಂತ ಹೆಚ್ಚೂ ಆಗಬಹುದು. ಆದರೆ ದೇಹ ತಿರಸ್ಕರಿಸಬಹುದು. ಅವರ ಹಳೆ ಕಾಯಿಲೆಯೇ ಹೊಸ ಕಿಡ್ನಿಗೂ ಮತ್ತೆ ಬರಬಹುದು. ಗ್ಯಾರಂಟಿ ನಾನು ಕೊಡುವುದಿಲ್ಲ."

ಅಂದು ಮನೆಗೆ ಬರುವ ಬಸ್ಸಿನಲ್ಲಿ ಎಷ್ಟೋ ಭಯಗಳು ಚಿಕ್ಕದಾಗಿದ್ದವು. ಸಾಯುವ ಭಯಕ್ಕೆ ಒಂದು ಅಳತೆ ಸಿಕ್ಕಿತ್ತು. ಆದರೆ ಉಳಿದದ್ದು ಗಟ್ಟಿಯಾಗಿ ಉಳಿಯಿತು. ಕೊಟ್ಟೂ ಅಕ್ಕ ಉಳಿಯದೇ ಹೋದರೆ?

ಹೆಂಡತಿಯ ಭಯ ಬೇರೆ ಇತ್ತು. ಅವಳು ಅದನ್ನು ಬಹಳ ದಿನ ಹೇಳಿರಲಿಲ್ಲ. ಒಂದು ರಾತ್ರಿ ಕೇಳಿದಳು: "ಮುಂದೆ ನಮ್ಮ ಮಕ್ಕಳಲ್ಲಿ ಒಬ್ಬರಿಗೆ ಬೇಕಾಗಿ ಬಂದರೆ? ಆಗ ನಿಮ್ಮಲ್ಲಿ ಕೊಡಲಿಕ್ಕೆ ಏನಿರ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ ಹತ್ತಿರವೂ ಇರಲಿಲ್ಲ. ಇದಕ್ಕೆ ಸ್ಕ್ಯಾನ್ ಇಲ್ಲ. ನಾನು ಅವಳನ್ನು ಒಪ್ಪಿಸಲು ಹೋಗಲಿಲ್ಲ. ವಾಕ್ಯ ತೆಗೆದು ತೋರಿಸಲೂ ಇಲ್ಲ. ಇದು ಅವಳದ್ದೂ ತೀರ್ಮಾನ ಆಗಬೇಕಿತ್ತು. ಮಧ್ಯೆ ಒಂದು ದಿನ ಭಾವನಿಗೆ ಬರಲಾಗದೆ ಅವಳೇ ಅಕ್ಕನ ಜೊತೆ ಡಯಾಲಿಸಿಸ್‌ಗೆ ಹೋದಳು. ನಾಲ್ಕು ಗಂಟೆ ಪಕ್ಕದಲ್ಲಿ ಕೂತಿದ್ದಳು. ನಡುವೆ ಅಕ್ಕನ ಬಿಪಿ ಕುಸಿದು, ಕಾಲಿಗೆ ಸೆಳೆತ ಬಂದು, ಅವಳು ಇವಳ ಕೈ ಹಿಡಿದುಕೊಂಡು ನರಳಿದಳಂತೆ. ಮನೆಗೆ ಬಂದು ಹೆಂಡತಿ ಹೇಳಿದಳು: "ಬಾರದೇ ಇರುವ ಕಾಯಿಲೆಗೆ ಅಂತ ಕಿಡ್ನಿ ಎತ್ತಿಟ್ಟು, ಬಂದಿರುವ ಕಾಯಿಲೆಯನ್ನು ನೋಡ್ತಾ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ. ಮಕ್ಕಳನ್ನು ಕೊಟ್ಟವನು ಅವರನ್ನು ನೋಡಿಕೊಳ್ತಾನೆ." ನಮ್ಮ ಮನೆಯಲ್ಲಿ ನಂಬಿಕೆಯ ದೊಡ್ಡ ಹೆಜ್ಜೆ ಇಟ್ಟವಳು ನನಗಿಂತ ಮೊದಲು ಅವಳೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಡತಿ, ತಾಯಿ, ಅಕ್ಕತಂಗಿಯರು ಕೊಡುತ್ತಲೇ ಇದ್ದಾರೆ. ಮದುವೆಯಾಗಿ ಹೋದ ಅಕ್ಕನಿಗೆ ತಮ್ಮ ಕೊಡುತ್ತಾನೆ ಅಂದಾಗ, ಅವರ ಕಡೆಯವರು ಯಾರೂ ಇಲ್ವಾ ಅಂತ ನನ್ನನ್ನು ಕೇಳಿದವರು ಇದ್ದಾರೆ. ನಾನು ಹೆಂಗಸಾಗಿದ್ದು, ಅಣ್ಣನಿಗೆ ಕೊಡುವವಳಾಗಿದ್ದರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ನಂಬಿಕೆಯ ಹೆಸರಿನಲ್ಲಿ ಯಾರನ್ನೂ, ಅದರಲ್ಲೂ ಮನೆಯ ಹೆಂಗಸರನ್ನು, ಒಪ್ಪಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸಬಾರದು. ಒತ್ತಾಯದಿಂದ ಕೊಟ್ಟದ್ದನ್ನು ತ್ಯಾಗ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದು ನನಗೆ ಮನವರಿಕೆಯಾದದ್ದು ಮನೋವೈದ್ಯರ ಕೋಣೆಯಲ್ಲಿ. ದಾನಿಯನ್ನು ಅವರು ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತಾರೆ. ನಿದ್ದೆ ಹೇಗಿದೆ, ಮನೆಯಲ್ಲಿ ಯಾರು ಏನಂತಾರೆ ಅಂತೆಲ್ಲ ಕೇಳಿದರು. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದರು: "ನಿಮಗೆ ಮನಸ್ಸಿಲ್ಲದಿದ್ದರೆ ನನಗೆ ಹೇಳಿ. ಕಾರಣ ಯಾರಿಗೂ ಹೇಳುವುದಿಲ್ಲ. ದಾನಿ ಸೂಕ್ತ ಅಲ್ಲ ಅಂತ ಮಾತ್ರ ಮನೆಯವರಿಗೆ ತಿಳಿಸ್ತೇವೆ. ಆಪರೇಷನ್ ದಿನ ಬೆಳಿಗ್ಗೆಯವರೆಗೂ ನೀವು ಹಿಂದೆ ಸರಿಯಬಹುದು."

ಬಾಗಿಲು ಪೂರ್ತಿ ತೆರೆದಿತ್ತು. ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲೇ ಬೇಡ ಅಂದವಳು ಅವಳು. ನಾಳೆ ಬಂದು ಹೇಳುತ್ತೇನೆ ಅಂತ ಹೊರಗೆ ಬಂದೆ. ಆಸ್ಪತ್ರೆಯ ಪಾರ್ಕಿಂಗ್ ಪಕ್ಕದ ಕಟ್ಟೆ ಮೇಲೆ ಕೂತೆ. ಅಲ್ಲಿಯವರೆಗೆ ನನ್ನ ಭಯಕ್ಕೆ ಎದುರಾಗಿ ಜನರ ನಿರೀಕ್ಷೆ ನಿಂತಿತ್ತು. ಈಗ ಆ ಆಸರೆಯೂ ಇಲ್ಲ. ನಾನು, ನನ್ನ ಭಯ, ದೇವರು, ಇಷ್ಟೇ.

ಯೇಸು ಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆ ತೋಟ ನೆನಪಾಯಿತು. ಅಲ್ಲಿ ಅವರು ಹೆದರಿಕೆ ಇಲ್ಲದವರ ಹಾಗೆ ನಿಂತಿರಲಿಲ್ಲ. ಮನಸ್ಸು ಕುಗ್ಗಿ, ಸಾಧ್ಯವಾದರೆ ಈ ಪಾತ್ರೆ (ಈ ಸಂಕಟ) ನನ್ನನ್ನು ಬಿಟ್ಟು ಹೋಗಲಿ ಅಂತ ಮೂರು ಸಲ ಬೇಡಿಕೊಂಡರು. ಹಿಡಿಯಲು ಬಂದವರ ಮುಂದೆ, ತಂದೆಯನ್ನು ಕೇಳಿಕೊಂಡರೆ ಹನ್ನೆರಡು ದಂಡಿಗಿಂತ ಹೆಚ್ಚು ದೇವದೂತರನ್ನು ಈಗಲೇ ಕಳಿಸುತ್ತಾನೆ ಅಂತಲೂ ಹೇಳಿದರು. ಅಂದರೆ ಅವರಿಗೂ ಬಾಗಿಲು ತೆರೆದೇ ಇತ್ತು. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂತ ಯೋಹಾನನ ಸುವಾರ್ತೆಯಲ್ಲಿ ಓದಿದ್ದು ನನಗೆ ಆ ಕಟ್ಟೆಯ ಮೇಲೆ ಮೊದಲ ಸಲ ಅರ್ಥವಾಯಿತು. ನನ್ನ ಕಿಡ್ನಿಯನ್ನು ಶಿಲುಬೆಗೆ ಹೋಲಿಸುತ್ತಿಲ್ಲ, ದೇವರು ಕ್ಷಮಿಸಲಿ. ಆದರೆ ಆತನನ್ನು ಹಿಂಬಾಲಿಸುವವನಿಗೆ ಹೆದರುತ್ತಲೇ ಒಪ್ಪಿಕೊಳ್ಳುವುದು ನಾಚಿಕೆಯ ವಿಷಯ ಅಲ್ಲ ಅಂತ ಆಗ ಗೊತ್ತಾಯಿತು.

ಅಲ್ಲೇ ಕೂತು ಪ್ರಾರ್ಥಿಸಿದೆ. ಸಮಾಧಾನದ ಅಲೆ ಏನೂ ಬರಲಿಲ್ಲ. ಹೊಟ್ಟೆಯ ಸಂಕಟ ಹಾಗೇ ಇತ್ತು. ಆದರೆ ತೀರ್ಮಾನ ಆಗಿತ್ತು. ನಾಳೆಯವರೆಗೆ ಕಾಯದೆ ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ: ನನಗೆ ಭಯ ಇದೆ, ಕೊಡುವ ಮನಸ್ಸೂ ಇದೆ. ಭಯ ಇದೆ ಅಂದದ್ದಕ್ಕೆ ಅವರು ನಕ್ಕು, ಇಲ್ಲ ಅಂದಿದ್ದರೆ ನನಗೆ ಚಿಂತೆಯಾಗ್ತಿತ್ತು ಅಂದರು.

ಕಾಗದಪತ್ರದ ಕೆಲಸ ಅದರ ಪಾಡಿಗೆ ನಡೆಯಿತು. ಅಂಗ ಕಸಿಗೆ ನಮ್ಮಲ್ಲಿ 1994ರ ಕಾನೂನು ಇದೆ. ಅಂಗ ಮಾರಾಟ ತಡೆಯುವುದಕ್ಕೆ ಬಂದದ್ದು. ಒಡಹುಟ್ಟಿದವರು ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಬರುತ್ತಾರೆ. ಆದರೂ ಸಂಬಂಧ ಸಾಬೀತು ಮಾಡಬೇಕು. ಆಧಾರ್, ರೇಷನ್ ಕಾರ್ಡ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳ ಜೊತೆ ಸಭೆಯಿಂದ ಇಬ್ಬರದೂ ದೀಕ್ಷಾಸ್ನಾನದ ಪತ್ರ ತಂದು ಇಟ್ಟೆವು. ಅದರಲ್ಲಿ ತಂದೆ ತಾಯಿಯ ಹೆಸರಿದೆ. ಕ್ಯಾಮೆರಾ ಮುಂದೆ ಕೂರಿಸಿ ಕೇಳಿದರು, ಹಣ ತೆಗೆದುಕೊಂಡಿದ್ದೀರಾ, ಯಾರಾದರೂ ಬಲವಂತ ಮಾಡಿದ್ದಾರಾ, ಅಪಾಯ ಗೊತ್ತಿದೆಯಾ. ಹೆಂಡತಿಯನ್ನೂ ಕೇಳಿದರು. ಅವಳು ನನಗಿಂತ ಸ್ಪಷ್ಟವಾಗಿ ಉತ್ತರ ಕೊಟ್ಟಳು.

ಆಪರೇಷನ್‌ನ ಹಿಂದಿನ ರಾತ್ರಿ ನನಗೆ ಪ್ರಾರ್ಥನೆ ಮಾಡಲಾಗಲಿಲ್ಲ. ಬಾಯಲ್ಲಿ ಮಾತು ಬರುತ್ತಿರಲಿಲ್ಲ. ಆ ಕೀರ್ತನೆಯ ಒಂದು ಸಾಲನ್ನು ಹೇಳಿಕೊಳ್ಳುತ್ತಾ ಇದ್ದೆ, ಅಷ್ಟೇ. ಬೆಳಿಗ್ಗೆ ಬೇಗ ಸಭಾಪಾಲಕರು ಬಂದರು. ಹೆದರಬೇಡಿ ಅಂತ ಅವರು ಹೇಳಲಿಲ್ಲ. ಹೆದರಿಕೆ ಆಗ್ತಿದೆಯಾ ಅಂತ ಕೇಳಿದರು. ಹೌದು ಪಾಸ್ಟರ್ ಅಂದೆ. ದಾನಿಯೇಲನ ಪುಸ್ತಕದ ಮೂರನೇ ಅಧ್ಯಾಯ ತೆಗೆದು, ಶದ್ರಕ್, ಮೇಶಕ್, ಅಬೇದ್‌ನೆಗೋ ಬೆಂಕಿಯ ಕುಲುಮೆಯ ಮುಂದೆ ನಿಂತು ರಾಜನಿಗೆ ಹೇಳಿದ್ದನ್ನು ಓದಿದರು. ನಮ್ಮ ದೇವರು ಬಿಡಿಸಲು ಶಕ್ತನು. ಬಿಡಿಸದೇ ಇದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ. ಆಮೇಲೆ ಸರ್ಜನ್, ಅರಿವಳಿಕೆ ಡಾಕ್ಟರ್, ನರ್ಸ್‌ಗಳಿಗಾಗಿ ಪ್ರಾರ್ಥಿಸಿದರು. ಕೊಟ್ಟೂ ಅಕ್ಕ ಉಳಿಯದೇ ಹೋದರೆ ಅನ್ನುವ ನನ್ನ ಭಯಕ್ಕೆ ಆ ಓದಿನಲ್ಲಿ ಜಾಗ ಇತ್ತು. ದೇವರು ನಾನು ಕೇಳಿದ್ದನ್ನು ಮಾಡಿದರೂ ಮಾಡದಿದ್ದರೂ ಆತನು ದೇವರೇ. ಟ್ರಾಲಿಯ ಮೇಲೆ ಅದನ್ನು ಹಿಡಿದುಕೊಂಡೇ ಒಳಗೆ ಹೋದೆ.

ನನ್ನದು ಲ್ಯಾಪರೋಸ್ಕೋಪಿ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳು, ಕಿಡ್ನಿ ಹೊರತೆಗೆಯಲು ಕೆಳಗೆ ಒಂದು ಗಾಯ. ತೆಗೆದದ್ದು ಎಡಗಡೆಯದು. ಅದರ ರಕ್ತನಾಳ ಉದ್ದ ಇರುವುದರಿಂದ ಜೋಡಿಸಲು ಸುಲಭ. ಎಚ್ಚರವಾದಾಗ ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತಿತ್ತು. ಆಪರೇಷನ್‌ಗೆ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಹಾಗಾಗುತ್ತದಂತೆ. ಮೊದಲು ಕೇಳಿದ್ದು ಅಕ್ಕ ಹೇಗಿದ್ದಾಳೆ ಅಂತ. ಆಪರೇಷನ್ ಟೇಬಲ್ ಮೇಲೇ ಹೊಸ ಕಿಡ್ನಿಯಿಂದ ಮೂತ್ರ ಬರಲು ಶುರುವಾಯಿತು ಅಂತ ನರ್ಸ್ ಹೇಳಿದರು. ಅತ್ತುಬಿಟ್ಟೆ. ಅತ್ತರೆ ಹೊಲಿಗೆ ನೋಯುತ್ತಿತ್ತು.

ಎಂಟರ ಮೇಲಿದ್ದ ಅಕ್ಕನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕದೆ ರಕ್ತದಲ್ಲಿ ಉಳಿಯುವ ಕಶ್ಮಲದ ಅಳತೆ, ಕಿಡ್ನಿ ಕೆಟ್ಟರೆ ಏರುತ್ತದೆ) ಕೆಲವೇ ದಿನಗಳಲ್ಲಿ ಒಂದೂವರೆಗಿಂತ ಕೆಳಗೆ ಬಂತು. ಬೇಕಾದಷ್ಟು ನೀರು ಕುಡಿಯಿರಿ ಅಂತ ಡಾಕ್ಟರ್ ಹೇಳಿದ ದಿನ ಅವಳು ಒಂದು ಲೋಟ ನೀರು ಕೈಯಲ್ಲಿ ಹಿಡಿದು ಸ್ತೋತ್ರ ಮಾಡಿ ಕುಡಿದಳಂತೆ. ನನ್ನ ಕ್ರಿಯಾಟಿನಿನ್ ಮೊದಲಿಗಿಂತ ಸ್ವಲ್ಪ ಏರಿತು. ಒಂದೇ ಕಿಡ್ನಿ ಇರುವವರಿಗೆ ಅದು ಸಹಜ. ಉಳಿದದ್ದು ನಿಧಾನವಾಗಿ ಕೆಲಸ ಹೆಚ್ಚಿಸಿಕೊಂಡು, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಶೇಕಡಾ 60ರಿಂದ 70ರಷ್ಟು ಮಾಡುತ್ತದೆ. ಆರು ವಾರ ಭಾರ ಎತ್ತಬಾರದು ಅಂದದ್ದರಿಂದ ಪ್ರೆಸ್‌ನಲ್ಲಿ ಪೇಪರ್ ರೀಮ್ ಎತ್ತಲು ಸಭೆಯ ಯುವಕರು ಸರದಿ ಹಾಕಿಕೊಂಡು ಬಂದರು. ಯಾರು ದುಡಿಯುತ್ತಾರೆ ಅನ್ನುವ ನನ್ನ ಭಯಕ್ಕೆ ದೇವರು ಕೊಟ್ಟ ಉತ್ತರ ಆ ಹುಡುಗರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸಾಕ್ಷಿ ಹೇಳಲು ಬಹಳ ಚೆನ್ನಾಗಿತ್ತು. ಎರಡನೇ ತಿಂಗಳಲ್ಲಿ ಅಕ್ಕನ ಕ್ರಿಯಾಟಿನಿನ್ ಏರತೊಡಗಿತು. ಜ್ವರ ಇಲ್ಲ, ನೋವಿಲ್ಲ, ರಿಪೋರ್ಟ್‌ನಲ್ಲಿ ಮಾತ್ರ ಏರಿಕೆ. ಬಯಾಪ್ಸಿ ಮಾಡಿದಾಗ ದೇಹ ನನ್ನ ಕಿಡ್ನಿಯನ್ನು ತಿರಸ್ಕರಿಸಲು ಶುರು ಮಾಡಿದೆ ಅಂತ ತಿಳಿಯಿತು. ಮೂರು ದಿನ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಡ್ರಿಪ್ ಕೊಟ್ಟರು. ಆ ದಿನಗಳಲ್ಲಿ ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಅದನ್ನು ಆತನಿಗೇ ಹೇಳಿದೆ. ಕೀರ್ತನೆಗಳನ್ನು ಓದಿದವರಿಗೆ ಗೊತ್ತು, ಅಲ್ಲಿ ಎಷ್ಟೊಂದು ಕಡೆ ಭಕ್ತರು ಹೀಗೆ ಕೂಗಿಕೊಂಡಿದ್ದಾರೆ. ಅಕ್ಕ ಅಳುತ್ತಾ, "ನಿನ್ನದನ್ನು ಹಾಳು ಮಾಡಿಬಿಟ್ಟೆನಲ್ಲ ಮಾರಾಯ" ಅಂದಳು. ಅದು ಈಗ ನನ್ನದಲ್ಲ, ನಿನ್ನದು ಅಂದೆ. ಹೇಳಿದ ಮೇಲೆ ಅದು ನಿಜ ಅಂತ ನನಗೂ ಅನ್ನಿಸಿತು. ಕೊಟ್ಟಾಗಿದೆ. ಅದು ಅವಳಲ್ಲಿ ಉಳಿದರೆ ಮಾತ್ರ ಕೊಟ್ಟದ್ದು ಸಾರ್ಥಕ ಅಂತ ನಾನು ದೇವರ ಜೊತೆ ಒಪ್ಪಂದ ಮಾಡಿಕೊಂಡಿರಲಿಲ್ಲ.

ಔಷಧಿ ಕೆಲಸ ಮಾಡಿತು. ಕ್ರಿಯಾಟಿನಿನ್ ಇಳಿಯಿತು, ಮೊದಲಿನಷ್ಟು ಕೆಳಗೆ ಬರಲಿಲ್ಲ. ಅಕ್ಕ ಈಗ ಶಾಲೆಗೆ ಹೋಗುತ್ತಿದ್ದಾಳೆ. ದೇಹ ಕಿಡ್ನಿಯನ್ನು ತಿರಸ್ಕರಿಸದ ಹಾಗೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಬೆಳಿಗ್ಗೆ ಸಂಜೆ ಗಡಿಯಾರ ನೋಡಿ ನುಂಗುತ್ತಾಳೆ. ಅದರ ಮಟ್ಟ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ನೋಡಿಸುತ್ತಾಳೆ. ಜನ ಸೇರುವಲ್ಲಿ ಮಾಸ್ಕ್ ಹಾಕುತ್ತಾಳೆ. ನಾನು ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸುತ್ತೇನೆ. ನೋವಿನ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಗೊಳ್ಳುವುದಿಲ್ಲ. ರಿಪೋರ್ಟ್ ಕವರ್ ತೆರೆಯುವಾಗ ಈಗಲೂ ಕೈ ಸ್ವಲ್ಪ ನಡುಗುತ್ತದೆ.

ಹೋದ ತಿಂಗಳು ಬೇರೆ ಊರಿನ ಸಭೆಯವರೊಬ್ಬರು ಫೋನ್ ಮಾಡಿದ್ದರು. ಹೆಂಡತಿಗೆ ಕಿಡ್ನಿ ಕೊಡಬೇಕಾಗಿದೆ, ರಾತ್ರಿ ನಿದ್ದೆ ಬರುತ್ತಿಲ್ಲ, ಭಯ ಪಡುವುದು ಪಾಪ ಅಂತ ಯಾರೋ ಹೇಳಿದ್ದಾರೆ ಅಂದರು. ಭಯಗಳನ್ನೆಲ್ಲ ಕಾಗದದಲ್ಲಿ ಬರೆಯಿರಿ, ಡಾಕ್ಟರ ಹತ್ತಿರ ಒಬ್ಬರೇ ಕೂತು ಕೇಳಿ, ಮಕ್ಕಳ ವಿಷಯವನ್ನು ಹೆಂಡತಿಯ ಜೊತೆ ಮಾತಾಡಿ, ಉತ್ತರ ಇಲ್ಲದ್ದನ್ನು ನಾವಿಬ್ಬರೂ ಸೇರಿ ಪ್ರಾರ್ಥಿಸೋಣ ಅಂದೆ. ಬೇಡ ಅಂತ ತೀರ್ಮಾನಿಸಿದರೂ ದೇವರು ನಿಮ್ಮನ್ನು ಬಿಡುವುದಿಲ್ಲ ಅಂತಲೂ ಹೇಳಿದೆ. ಫೋನ್‌ನಲ್ಲೇ ಪ್ರಾರ್ಥಿಸಿದೆವು. ಅವರು ಇನ್ನೂ ತೀರ್ಮಾನ ಮಾಡಿಲ್ಲ. ಮುಂದಿನ ವಾರ ಅವರಿಗೆ ಡಿಟಿಪಿಎ ಸ್ಕ್ಯಾನ್ ಇದೆ, ಜೊತೆಗೆ ಬರುತ್ತೇನೆ ಅಂತ ಹೇಳಿದ್ದೇನೆ.